ಗೊಬ್ಬರ ಹಾಕಿದ ಮಡಿಯ ಟೊಮೆಟೊಗೇ ಹಳದಿ ಹಿಡಿದಿದೆ, ಕಿತ್ತುಬಿಡಲೇ?

ಹೊಸಮಡಿ: ನಮಸ್ಕಾರ. ಹಿತ್ತಲಲ್ಲಿ ಎರಡು ಮಡಿ ಮಾಡಿದ್ದೇನೆ. ಡ್ರಮ್ಮಿನ ಕಾಂಪೋಸ್ಟಿಗೆ ಎರಡು ತಿಂಗಳು. ಬಣ್ಣವೇನೋ ಕಪ್ಪಾಗಿದೆ, ಕೆದಕಿದರೆ ಮಾತ್ರ ಇನ್ನೂ ಬಿಸಿ, ಮೂಗಿಗೆ ಘಾಟು ಹೊಡೆಯುತ್ತದೆ. ತಡೆಯಲಾರದೆ ಅದನ್ನೂ, ಬಾಗಿಲು ಮಾಡಿಸಿದಾಗ ಉಳಿದಿದ್ದ ಒಂದು ಚೀಲ ಮರದ ಹೊಟ್ಟನ್ನೂ ಮೊದಲ ಮಡಿಗೆ ಬೆರೆಸಿ ಟೊಮೆಟೊ ನೆಟ್ಟೆ. ಮೂರು ವಾರವಾದರೂ ಗೇಣುದ್ದಕ್ಕೇ ನಿಂತಿವೆ, ಕೆಳಗಿನ ಎಲೆಗಳೆಲ್ಲ ಹಳದಿ. ಏನೂ ಹಾಕದ ಎರಡನೇ ಮಡಿಯ ಸಸಿಗಳು ಅದರ ಎರಡರಷ್ಟಿವೆ! ಮಣ್ಣು ಬದಲಿಸಬೇಕೇ?

ಹಳೇ ಗುದ್ದಲಿ: ಕೀಳಬೇಡಿ. ನಾನೂ ಒಮ್ಮೆ ಹೀಗೇ ಮಾಡಿ ಒಂದು ಮಡಿ ಬದನೆ ಕಳೆದುಕೊಂಡವಳು.

ಮರದ ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 300 ಪಾಲೋ ಇನ್ನೂ ಹೆಚ್ಚೋ ಇಂಗಾಲ. ಕಾಂಪೋಸ್ಟ್ ರಾಶಿ ಚೆನ್ನಾಗಿ ಕಳಿಯಲು 25–30 ಪಾಲು ಸಾಕು. ಹೊಟ್ಟನ್ನು ಕೊಳೆಸಲು ಹೊರಟ ಸೂಕ್ಷ್ಮಜೀವಿಗಳು ಕೊರತೆ ಬಿದ್ದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಆಗ ಗಿಡ ಹಳೆಯ ಎಲೆಯದನ್ನು ಬಸಿದು ಕುಡಿಗೆ ಕೊಡುತ್ತದೆ. ಕೆಳಗಿನಿಂದ ಹಳದಿಯಾಗುವುದು ಅದಕ್ಕೇ. ಹಿಂಡಿ ನೆನೆಸಿದ ನೀರನ್ನೋ ಬೇರೆ ದ್ರವಗೊಬ್ಬರವನ್ನೋ ತೆಳ್ಳಗೆ ಮಾಡಿ ವಾರಕ್ಕೊಮ್ಮೆ ಕೊಡಿ. ಹಳದಿಯಾದ ಎಲೆ ಮತ್ತೆ ಹಸಿರಾಗದು, ಹೊಸ ಚಿಗುರಿನ ಮೇಲೆ ಕಣ್ಣಿಡಿ.

ಒಳಗೆ ಬೆರೆಸುವುದು ಕಳಿತದ್ದೇ ಆಗಿರಬೇಕು. ಕಳಿಯದ್ದು ಏನಿದ್ದರೂ ಮೇಲೆ. ಅದೇ ಮರವನ್ನು ಚಕ್ಕೆ ರೂಪದಲ್ಲಿ ಮೇಲೆ ಹರಡಿದ್ದರೆ ಈ ಕಸಿದಾಟ ಮಣ್ಣು ತಾಗುವ ತೆಳು ಪದರದಲ್ಲೇ ಮುಗಿಯುತ್ತಿತ್ತು, ಬೇರಿನವರೆಗೆ ಇಳಿಯುತ್ತಿರಲಿಲ್ಲ. ನುಣ್ಣನೆ ಹೊಟ್ಟು ಮೇಲೆ ಹಾಕಲೂ ಅಷ್ಟೊಂದು ಒಳ್ಳೆಯದಲ್ಲ, ಹೆಪ್ಪುಗಟ್ಟಿ ನೀರನ್ನೇ ಒಳಗೆ ಬಿಡುವುದಿಲ್ಲ. ನನ್ನ ಮತ ತರಗೆಲೆಗೆ.

ಡ್ರಮ್ಮಿನದು ಇನ್ನೂ ಆಗಿಲ್ಲ. ಒಂದು ಹಿಡಿ ಒದ್ದೆ ಕಾಂಪೋಸ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೂರು ದಿನ ಬಿಟ್ಟು ಮೂಸಿ ನೋಡಿ. ಮಣ್ಣಿನ ವಾಸನೆ ಬಂದರೆ ಆಯಿತು, ನಾತ ಬಂದರೆ ಕಾಯಿರಿ.

ತೋಟದಣ್ಣ: ಹೊಟ್ಟು ಮಣ್ಣನ್ನು ಹುಳಿ ಮಾಡುತ್ತೆ, ಒಂದು ಬೊಗಸೆ ಸುಣ್ಣ ಎರಚಿ ಸಾಕು.

ಹಳೇ ಗುದ್ದಲಿ: ಅಣ್ಣಾ, ಬೇಡ. ಘಾಟು ಹೊಡೆಯುವ ಗೊಬ್ಬರಕ್ಕೆ ಸುಣ್ಣ ಬಿದ್ದರೆ ಇರುವ ಸಾರಜನಕವೂ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಮುಟ್ಟಬಾರದು.

ಎರೆಹುಳ: ತರಗೆಲೆ ಹೊದಿಸುವಾಗ ನಾಲ್ಕು ಬೆರಳು ದಪ್ಪ ಸಾಕು. ಮೊದಲು ನೀರು ಹಾಯಿಸಿ, ಆಮೇಲೆ ಹೊದಿಸಿ. ಕಾಂಡದ ಸುತ್ತ ಒಂದು ಅಂಗೈ ಜಾಗ ಬಿಡಿ. ಬುಡಕ್ಕೆ ಒತ್ತಿ ರಾಶಿ ಹಾಕಿ ಒಂದು ನಿಂಬೆಗಿಡದ ತೊಗಟೆ ಕೊಳೆಸಿದ್ದೇನೆ.

ಹೊಸಮಡಿ: ಅಯ್ಯೋ, ಗುಲಾಬಿ ಬುಡಕ್ಕೆ ಮೊನ್ನೆಯಷ್ಟೇ ಗುಡ್ಡೆ ಹಾಕಿದ್ದೆ. ಇದನ್ನು ಓದಿದ ಕೂಡಲೇ ಹೋಗಿ ಸರಿಸಿದೆ, ಅಡಿಯಲ್ಲಿ ಆಗಲೇ ಬಿಳಿ ಬೂಷ್ಟು. ಟೊಮೆಟೊಗೆ ಇವತ್ತು ಹಿಂಡಿ ನೆನೆಹಾಕಿದ್ದೇನೆ. ಚೀಲವನ್ನೂ ಕಟ್ಟಿಟ್ಟಿದ್ದೇನೆ, ಮೂರು ದಿನ ಬಿಟ್ಟು ಬಂದು ಹೇಳುತ್ತೇನೆ.