ಬರ್ಫದ ಮ್ಯಾಲ ಕುಂಡ್ರಬ್ಯಾಡ್ರಿ

ಸವಿತಾ, ನೋಡವಾ, ನಿನ್ನ ಮೆಸೇಜ್ ಈಗ ಓದಿದೆ. ‘ಮಾಮಾ, ಬಸು ಗೆಳ್ಯಾರ ಕೂಡ ಬರೋ ವಾರ ಹಿಮಾಲಯದಾಗಿನ ಚಂದ್ರಶಿಲಾ ಶಿಖರ ಹತ್ತತಾನಂತ, ಮ್ಯಾಲ ಇನ್ನೂ ಬರ್ಫ ಐತಂತ, ಒಂದs ದಿನದಾಗ ಹೋಗಿ ಬರತೇವಿ ಅಂತಾನ, ನನಗ ಹೆದರಿಕಿ ಆಗೇತಿ, ಕಳಸೂಣೋ ಬ್ಯಾಡೋ’ ಅಂತ ಕೇಳೀದಿ. ನನಗ ಬೆರಳಿಲೆ ಒತ್ತಿ ಬರಿಯಾಕ ತಡಾ ಆಗತೈತಿ, ಮಾತಾಡೇ ಕಳಸತೇನಿ. ಬಸೂಗೂ ಕೇಳಸು.

ನನ್ನ ಎಡಗಾಲ ನೀವೆಲ್ಲಾ ನೋಡೀರಿ. ನೆಲದ ಮ್ಯಾಲ ಪಂಕ್ತಿಗೆ ಕುಂಡ್ರಾಕ ಬರೂದಿಲ್ಲ, ಮಠದಾಗ ಪ್ರಸಾದಕ್ಕ ಹ್ವಾದರೂ ನನಗೊಂದು ಖುರ್ಚಿ ತರತಾರ. ಯುದ್ಧದಾಗ ಪೆಟ್ಟ ಬಿದ್ದೈತಿ ಅಂತ ಹುಡುಗೂರು ತಿಳಕೊಂಡಾವ. ಯುದ್ಧ ಅಲ್ಲಪಾ, ಅದs ಚಂದ್ರಶಿಲಾ.

1988ರ ಏಪ್ರಿಲ್. ಆವಾಗ ಅದು ಉತ್ತರಾಖಂಡ ಆಗಿದ್ದಿಲ್ಲ, ಉತ್ತರ ಪ್ರದೇಶನs. ನಾನು ಜೋಶಿಮಠದ ಕಡೆ ಡ್ಯೂಟಿ ಮ್ಯಾಲಿದ್ದೆ. ಎರಡ ದಿನ ರಜಾ ಸಿಕ್ತು, ಮೂರು ಮಂದಿ ಕೂಡಿ, ಏರೂ ಹಾದಿ ಸುರು ಆಗೂ ಚೋಪ್ತಾಕ್ಕ ಬಂದ್ವಿ. ಚೋಪ್ತಾದಿಂದ ತುಂಗನಾಥ ಶಿವನ ಗುಡಿ ಮೂರೂವರಿ ಕಿಲೋಮೀಟರ್, ಅಲ್ಲಿಂದ ಚಂದ್ರಶಿಲಾ ಮತ್ತ ಒಂದೂವರಿ. ಕೂಡಿಸಿದ್ರ ಐದs ಕಿಲೋಮೀಟರ್ ಅಂತ ಬಸು ಅಂತಾನಲ್ಲ, ನಾವೂ ಹಂಗs ಅಂದಿದ್ವಿ. ಆದರ ಆ ಐದು ಕಿಲೋಮೀಟರಿನ್ಯಾಗ 2,700 ಮೀಟರಿನಿಂದ ಸುಮಾರು 3,700 ಮೀಟರಿಗೆ ಏರಬೇಕು. ನಮ್ಮ ಬೆಳಗಾವಿ ಇರೂದು 750 ಮೀಟರ್ ಎತ್ತರದಾಗ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಹುಣ್ಣಿವಿಗೆ ಹೋಗಿ ಬಂದಂಗಲ್ಲ ಅದು.

ಮುಂಜಾನೆ ಏರೂದು ಛಲೋ ಆತು. ಮುಂದ ಹ್ವಾದವ್ರ ಹೆಜ್ಜಿ ಗಟ್ಟಿ ಆಗಿದ್ದೂ, ಅದರಾಗs ಕಾಲಿಟಗೊಂತ ಹ್ವಾದ್ವಿ. ತುಂಗನಾಥನ ಗುಡಿ ಬಾಗಲಾ ಹಾಕಿತ್ತು. ಥಂಡ್ಯಾಗ ದೇವರನ್ನ ಮಕ್ಕೂಮಠಕ್ಕ ಇಳಿಸಿರತಾರ, ಏಪ್ರಿಲ್ ಕಡೀಕ ಇಲ್ಲಾ ಮೇ ತಿಂಗಳದಾಗ ಮತ್ತ ಏರಸತಾರ. ಹೊರಗಿಂದನs ಕೈಮುಗದು ಮ್ಯಾಲ ಹ್ವಾದ್ವಿ. ತುದ್ಯಾಗ ಗಂಗಾಮಾಯಿದೊಂದು ಸಣ್ಣ ಗುಡಿ ಐತಿ. ಎದುರಿಗೆ ಚೌಖಂಬಾ, ಅತ್ತಾಗ ನಂದಾದೇವಿ, ತ್ರಿಶೂಲ. ನೋಡಿ ಕಣ್ಣಾಗ ನೀರು ಬಂದಿದ್ವು, ಸುಳ್ಳ ಹೇಳಂಗಿಲ್ಲ.

ಇಳಿಯೂ ಹೊತ್ತಿನ್ಯಾಗ ಒಬ್ಬ ಪಹಾಡಿ ಹುಡುಗ ಬರ್ಫದ ಮ್ಯಾಲ ಕುಂತು ಸರ್ರಂತ ಜಾರಿ, ಕೆಳಗ ಹೋಗಿ ಎದ್ದು ನಿಂತ. ಅವಗ ಆ ಇಳಿಜಾರು ಮನಿ ಅಂಗಳ ಇದ್ದಂಗ. ನಮಗದು ತಿಳೀಲಿಲ್ಲ, ನಾನೂ ಕುಂತೆ. ಮ್ಯಾಲ ಬಿಸಲಿತ್ತು, ಬರ್ಫ ಮೆತ್ತಗಿತ್ತು, ಮೂವತ್ತು ಮಾರು ಆರಾಮ ಹ್ವಾದೆ. ಕೆಳಗ ಬಂಡಿಗಲ್ಲಿನ ನೆರಳು. ಈ ಹಂಗಾಮಿನ್ಯಾಗ ಹಗಲ ಕರಗಿದ ಬರ್ಫ ರಾತ್ರಿ ಮತ್ತ ಹೆಪ್ಪಗಟ್ಟತೈತಿ, ನೆರಳಿನ್ಯಾಗಿಂದು ಮಧ್ಯಾಹ್ನ ಆದರೂ ಗಾಜಿನಂಗs ಇರತೈತಿ. ಅಲ್ಲಿ ಹೋದ ಕೂಡ್ಲೆ ನನ್ನ ವೇಗ ನನ್ನ ಕೈಯಾಗ ಉಳೀಲಿಲ್ಲ. ಹಿಮ್ಮಡಿ ಊರಿ ನಿಲ್ಲಸಾಕ ಹ್ವಾದೆ, ಹಿಮ್ಮಡಿ ಸಿಕ್ಕೊಂಡು ಮೈ ತಿರುಗಿ ಬಿತ್ತು, ಮೊಣಕಾಲು ಕಲ್ಲಿಗೆ ಬಡೀತು. ಆ ಸಪ್ಪಳ ಇನ್ನೂ ನನ್ನ ಕಿವ್ಯಾಗ ಐತಿ.

ಅದಕ್ಕs ಹೇಳಾಕತ್ತೀನಿ, ಬರ್ಫದ ಮ್ಯಾಲ ಕುಂತು ಜಾರಬ್ಯಾಡ್ರಿ. ಯಾರು ಜಾರಿದ್ರೂ ನೀವು ಜಾರಬ್ಯಾಡ್ರಿ.

ನನ್ನ ದೋಸ್ತರಿಬ್ಬರೂ ಪಾಳಿ ಮ್ಯಾಲ ಬೆನ್ನಿಗೆ ಹೊತಗೊಂಡು ತುಂಗನಾಥಕ್ಕ ತಂದ್ರು. ಗುಡಿ ಬಂದ್ ಇದ್ದಾಗ ಕುದರಿ ಇಲ್ಲ, ಚಾ ಅಂಗಡಿ ಇಲ್ಲ. ಎರಡು ಕೋಲಿಗೆ ಕೋಟು ಕಟ್ಟಿ ಅದರಾಗ ಮಲಗಿಸಿ ಇಳಿಸಿದ್ರು. ಮಧ್ಯಾಹ್ನ ಮ್ಯಾಲಿನ ಬರ್ಫ ನುಚ್ಚಿನ ಗಂಜಿಯಂಗ ಆಗಿತ್ತು, ಅವ್ರ ಕಾಲು ತೊಡಿ ಮಟ ಹುಗಿಯಾವು, ಹುಗದಾಗೊಮ್ಮೆ ನನಗ ಜೀವ ಹೋದಂಗ ಆಗೂದು. ಚೋಪ್ತಾ ಮುಟ್ಟಿದಾಗ ಕತ್ತಲಿ. ಒಂದು ಲಾರಿ ಸಿಕ್ತು, ಊಖೀಮಠಕ್ಕ ಒಯ್ದ್ರು. ಅಲ್ಲಿ ರಾತ್ರಿ ನಾನು ‘ಯವ್ವಾ’ ಅಂತ ನರಳೂದು ಕೇಳಿ ಒಬ್ರು ಹಿರ‍್ಯಾರು ಕಂದೀಲ ಹಿಡಕೊಂಡು ಬಂದು, ‘ಯಾವೂರ ತಮ್ಮಾ ನಿಂದು?’ ಅಂದ್ರು. ಕನ್ನಡದಾಗ! ಊಖೀಮಠ ಅಂದ್ರ ಥಂಡ್ಯಾಗ ಕೇದಾರನಾಥನ ಪೂಜಿ ನಡಿಯೂ ಊರು; ಕೇದಾರದ ರಾವಲರು, ಅಂದ್ರ ದೊಡ್ಡ ಪೂಜಾರಿಗಳು, ವೀರಶೈವ ಜಂಗಮರು, ನಮ್ಮ ಕರ್ನಾಟಕದ ಕಡೆಯವ್ರು ಅಲ್ಲಿಗೆ ಹೋಗಿ ಬರೂದು ಮೊದಲಿಂದ ಐತಿ. ಬೈಲಹೊಂಗಲ ಅಂದೆ. ಅವ್ರು ಮುಂಜಾನಿ ತನಕ ನನ್ನ ಹಂತ್ಯಾಕs ಕುಂತಿದ್ರು. ಅವ್ರ ಹೆಸರು ಕೇಳಲಿಲ್ಲ ನಾನು, ಅದೊಂದು ಮನಸಿನ್ಯಾಗ ಉಳಕೊಂಡೈತಿ.

ಎರಡು ತಿಂಗಳು ದವಾಖಾನ್ಯಾಗ. ಸವಿತಾ, ಆ ಎರಡು ತಿಂಗಳದಾಗs ನಿಮ್ಮವ್ವನ ಮದುವಿ ಆತು. ನಿಮಗ ಯಾರೂ ಹೇಳಿರಲಿಕ್ಕಿಲ್ಲ. ‘ಅಣ್ಣಾ, ಒಂದು ತಿಂಗಳ ಮುಂದ ಹಾಕ್ರಿ, ನೀಲವ್ವ ನನ್ನ ಬೆನ್ನಿಗೆ ಬಿದ್ದ ತಂಗಿ, ಕೋಲ ಊರಿಕೊಂಡಾದ್ರೂ ಬರತೇನಿ’ ಅಂತ ಮಲಗಿದಲ್ಲಿಂದ ಪತ್ರಾ ಬರದೆ. ದೊಡ್ಡಣ್ಣ ಬರದದ್ದು ಎರಡs ಸಾಲು: ಬೀಗರು ಒಪ್ಪಂಗಿಲ್ಲ, ನೀ ಬರ್ಫದಾಗ ಆಟಾ ಆಡಾಕ ಹೋಗಿದ್ದಕ್ಕ ನಾವೇನು ಮಾಡೂಣು. ಕಾಲು ಹೆಂಗೈತಿ ಅಂತ ಒಂದು ಅಕ್ಷರ ಇದ್ದಿಲ್ಲ. ಆಟಾ ಆಡಿದ್ದು ಖರೇ, ನನ್ನ ತಪ್ಪs. ಆದರ ಹೋಳಿಗಿ ಊಟದ ಫೋಟೋದಾಗ ಊರ ಮಂದೆಲ್ಲಾ ಅದಾರ, ನಾ ಇಲ್ಲ. ಆ ಫೋಟೋ ನಿಮ್ಮ ಪಡಸಾಲ್ಯಾಗ ಇನ್ನೂ ತೂಗಹಾಕೀರಿ. ನಿಮ್ಮ ಮನಿಗೆ ಬಂದಾಗೊಮ್ಮೆ ಅದರ ಕಡೆ ಬೆನ್ನ ಮಾಡಿ ಕುಂಡ್ರತೇನಿ. ನಿಮ್ಮವ್ವಗ ಒಬ್ಬಾಕಿಗೆ ಇದು ಗೊತ್ತೈತಿ. ಈಗೂ ನೋಡು, ಟಿಕೆಟ್ ತಗದ ಮ್ಯಾಲ ನನ್ನ ಕೇಳತೀರಿ. ಮೊದಲs ಒಂದು ಮಾತು ಕೇಳಿದ್ರ ಮೇ ತಿಂಗಳದಾಗ ಹೋಗು, ಗುಡಿನೂ ತಗದಿರತೈತಿ, ಮಂದಿನೂ ಇರತಾರ ಅಂತಿದ್ದೆ.

ಆತು ಬಿಡು. ಕಳಸೂಣೋ ಬ್ಯಾಡೋ ಅಂತ ಕೇಳೀದಿ, ಅದನ್ನ ಹೇಳೇ ಇಲ್ಲ. ಕಳಸು. ಆದರ ಬಸು, ಇದನ್ನ ಬರಕೋ. ಊರಿಂದ ಹೋದ ದಿನಾನs ಹತ್ತಬ್ಯಾಡ, ಒಂದು ರಾತ್ರಿ ಚೋಪ್ತಾದಾಗ ಮಲಗು. ತಲಿ ಸಿಡಿದು ವಾಂತಿ ಬಂದ್ರ ಗುಳಿಗಿ ನುಂಗಿ ಮ್ಯಾಲ ಹೋಗೂದಲ್ಲ, ಕೆಳಗ ಇಳಿಯೂದು. ಕ್ಯಾನ್ವಾಸ್ ಬೂಟು ನಡಿಯಂಗಿಲ್ಲ. ಬೂಟಿಗೆ ತೊಡಸೂ ಮುಳ್ಳಿನ ಸರಪಳಿ ಅಲ್ಲೇ ಬಾಡಿಗಿಗೆ ಸಿಗತೈತಿ, ಒಬ್ಬೊಬ್ಬರಿಗೂ ಒಂದೊಂದು ಜೋಡಿ ತಗೋರಿ. ಕೈಯಾಗ ಕೋಲು, ಚೀಲದಾಗ ಒಣಾ ಕಾಲಚೀಲ, ಕಣ್ಣಿಗೆ ಕರೀ ಕನ್ನಡಕ. ಬರ್ಫದ ಬಿಸಲಿಗೆ ಸಂಜಿಮುಂದ ಕಣ್ಣಾಗ ಖಾರಪುಡಿ ಉಗ್ಗಿದಂಗ ಉರೀತಾವ. ಅಲ್ಲಿಯ ಹುಡುಗ ಒಬ್ಬನ್ನ ರೊಕ್ಕಾ ಕೊಟ್ಟು ಕರಕೊಂಡ ಹೋಗ್ರಿ. ಬರ್ಫ ಬಿದ್ದು ಮೆಟ್ಟಲಾ ಮುಚ್ಚಿದ್ರ ಹಾದಿ ಎಲ್ಲೈತಿ ಅಂತ ಅವಗ ಗೊತ್ತು, ನಿಮ್ಮ ಫೋನಿಗೆ ಗೊತ್ತಿಲ್ಲ. ನಸುಕಿನ್ಯಾಗ ಬಿಡ್ರಿ. ತುದಿ ಮುಟ್ಟಿರಿ ಬಿಟ್ಟಿರಿ, ಹತ್ತಕ್ಕ ತಿರುಗಬೇಕು, ಹನ್ನೆರಡರೊಳಗ ತುಂಗನಾಥ ದಾಟಿರಬೇಕು. ಮತ್ತ ಹೇಳತೇನಿ ತಮ್ಮಾ, ಗೆಳ್ಯಾರು ಪ್ಲಾಸ್ಟಿಕ್ ಹಾಸಿಕೊಂಡು ಜಾರಲಿ, ವಿಡಿಯೋ ಮಾಡಲಿ, ನೀ ಬರ್ಫದ ಮ್ಯಾಲ ಕುಂಡ್ರಬ್ಯಾಡ. ನಡಕೊಂಡs ಇಳಿ.

ಸವಿತಾ, ನನ್ನ ಉಣ್ಣಿ ಮೋಜಾ, ಕೈಗವಸು ಟ್ರಂಕಿನ್ಯಾಗ ಅದಾವ. ರವಿವಾರ ಬಸೂನ ಬೈಲಹೊಂಗಲಕ್ಕ ಕಳಸು, ಅಳತಿ ನೋಡಿ ಕೊಡತೇನಿ.