ಬೈಬಲ್ ಕಾಲದ ಕುಷ್ಠರೋಗಿ: ಊರ ಹೊರಗೆ ದಿನ ಹೇಗೆ ಕಳೆಯುತ್ತಿತ್ತು?

ಪಾಠದಚೀಲ:
ಯಾಜಕಕಾಂಡ 13ರ ಪ್ರಕಾರ ಕುಷ್ಠರೋಗಿ ಬಟ್ಟೆ ಹರಿದುಕೊಂಡು, ತಲೆ ಕೆದರಿಕೊಂಡು, ಬಾಯಿ ಮುಚ್ಚಿಕೊಂಡು ‘ಅಶುದ್ಧ, ಅಶುದ್ಧ’ ಎಂದು ಕೂಗುತ್ತಾ ಪಾಳೆಯದ ಹೊರಗೆ ಒಂಟಿಯಾಗಿರಬೇಕು. ಈ ಭಾಗ ಹೇಳಿಕೊಟ್ಟರೆ ಮಕ್ಕಳು ಕೇಳುವುದೇ ಬೇರೆ. ರೋಗ ಅಂತ ಯಾರು, ಹೇಗೆ ತೀರ್ಮಾನಿಸುತ್ತಿದ್ದರು? ಊಟ ಎಲ್ಲಿಂದ? ನಿಜಕ್ಕೂ ಒಬ್ಬರೇ ಇರುತ್ತಿದ್ದರಾ? ಚಿತ್ರಗಳಲ್ಲಿ ಕೈಯಲ್ಲೊಂದು ಗಂಟೆ ಇರುತ್ತದಲ್ಲ, ಅದು ಆ ಕಾಲದ್ದಾ? ಉಪದೇಶ ಬೇಡ, ದಿನನಿತ್ಯದ ವಿವರ ತಿಳಿದವರು ದಯವಿಟ್ಟು ಬರೆಯಿರಿ.

ಹಳೆಲಿಪಿ:
ಗಂಟೆಯ ಮಾತು ಮೊದಲು ಮುಗಿಸೋಣ. ಗಂಟೆಯೂ ಮರದ ಗಿಲಕಿಯೂ ಮಧ್ಯಯುಗದ ಯುರೋಪಿನವು. ಬೈಬಲ್‌ನಲ್ಲಿರುವುದು ಬಾಯಿಯ ಕೂಗು ಮಾತ್ರ.

ರೋಗ ತೀರ್ಮಾನಿಸುತ್ತಿದ್ದದ್ದು ಯಾಜಕ, ಅಂದರೆ ಪೂಜಾರಿ. ಅವನು ವೈದ್ಯನಲ್ಲ, ಮದ್ದು ಕೊಡುತ್ತಿರಲಿಲ್ಲ. ನೋಡುವುದು, ಹೇಳುವುದು, ಅಷ್ಟೇ ಅವನ ಕೆಲಸ. ಕಲೆಯೊಳಗಿನ ಕೂದಲು ಬೆಳ್ಳಗಾಗಿ, ಕಲೆ ಸುತ್ತಲಿನ ಚರ್ಮಕ್ಕಿಂತ ಆಳವಾಗಿ ಕಂಡರೆ ಅಲ್ಲೇ ‘ಅಶುದ್ಧ’. ಅನುಮಾನವಿದ್ದರೆ 7 ದಿನ ಬೇರೆ ಇರಿಸಿ ಮತ್ತೆ ನೋಡಬೇಕು. ಹರಡಿಲ್ಲವೆಂದರೆ ಇನ್ನೂ 7 ದಿನ. ಆಮೇಲೂ ಹರಡದೆ ಮಂಕಾಗಿದ್ದರೆ ಬಟ್ಟೆ ಒಗೆದುಕೊಂಡು ಮನೆಗೆ ಹೋಗಬಹುದು. ಕಲೆಯಲ್ಲಿ ಹಸಿ ಮಾಂಸ ಕಾಣಿಸಿಕೊಂಡರಂತೂ ‘ಅಶುದ್ಧ’ವೇ.

ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ, ಯೆಹೂದ್ಯರ ಕಟ್ಟಳೆಗಳ ಸಂಗ್ರಹವಾದ ಮಿಷ್ನಾದಲ್ಲಿ ಇದಕ್ಕೆಂದೇ ‘ನೆಗಾಯಿಮ್’ ಎಂಬ 14 ಅಧ್ಯಾಯಗಳ ಭಾಗವಿದೆ. ಅದು ಇನ್ನೂ ಸೂಕ್ಷ್ಮ. ಬಿಳುಪನ್ನು ಹಿಮ, ದೇವಾಲಯದ ಸುಣ್ಣ, ಮೊಟ್ಟೆಯ ಒಳಪೊರೆ, ಬಿಳಿ ಉಣ್ಣೆ ಎಂಬ ನಾಲ್ಕು ಬಣ್ಣಗಳಿಗೆ ಹೋಲಿಸಿ ನೋಡಬೇಕು. ಕಲೆ ಕನಿಷ್ಠ ಒಂದು ಅವರೆ ಬೇಳೆಯಷ್ಟಾದರೂ, ಅಂದರೆ 36 ಕೂದಲು ಹುಟ್ಟುವಷ್ಟು ಜಾಗವಾದರೂ ಇರಬೇಕು. ಮೋಡ ಕವಿದ ದಿನ, ಮನೆಯೊಳಗೆ, ಬೆಳಗಿನ ಜಾವ, ಸಂಜೆ ನೋಡುವಂತಿಲ್ಲ. ಮಬ್ಬು ಬೆಳಕಿನಲ್ಲಿ ಮಂಕು ಕಲೆಯೂ ಹೊಳೆಯುತ್ತದೆ. ನಡು ಮಧ್ಯಾಹ್ನವೂ ಆಗದು, ಆಗ ಹೊಳೆಯುವ ಕಲೆ ಮಂಕಾಗಿ ಕಾಣುತ್ತದೆ. ಒಂದು ಕಣ್ಣು ಹೋದ ಯಾಜಕ ಪರೀಕ್ಷಿಸುವಂತಿಲ್ಲ.

ಮುಖ್ಯವಾದದ್ದು ಇಲ್ಲಿದೆ. ಯಾಜಕನ ಬಾಯಿಂದ ಆ ಮಾತು ಬರುವ ತನಕ ಯಾರೂ ಅಶುದ್ಧರಲ್ಲ. ಮದುಮಗನ ಮೈಮೇಲೆ ಕಲೆ ಕಂಡರೆ ಮದುವೆಯ 7 ದಿನ ಮುಗಿಯುವವರೆಗೆ ಬಿಡುತ್ತಿದ್ದರು. ಮನೆಯ ಗೋಡೆಯಲ್ಲಿ ಹಸಿರು, ಕೆಂಪು ಕಲೆ ಎದ್ದರೆ ಯಾಜಕ ಬರುವ ಮುಂಚೆ ಸಾಮಾನೆಲ್ಲ ಹೊರಗಿಡಬೇಕು. ಮಿಷ್ನಾ ಪ್ರಕಾರ ಸೌದೆಯ ಹೊರೆಯನ್ನೂ. ಸೋಂಕಿನ ಭಯವಾಗಿದ್ದರೆ ಸಾಮಾನನ್ನು ಹಾಗೆ ಹೊರತರಲು ಬಿಡುತ್ತಿರಲಿಲ್ಲ. ನಮ್ಮ ಮಾತಿನಲ್ಲಿ ಇದು ಮೈಲಿಗೆ. ಹರಿದ ಬಟ್ಟೆ, ಕೆದರಿದ ತಲೆ, ಮುಚ್ಚಿದ ಬಾಯಿ ಮೂರೂ ಅಲ್ಲಿನ ಸಾವಿನ ಮನೆಯ ಗುರುತುಗಳು. ಮೋಶೆಯ ಅಕ್ಕ ಮಿರ್ಯಾಮಳಿಗೆ ರೋಗ ಬಂದಾಗ ಅಣ್ಣ ಆರೋನ ಮೋಶೆಯನ್ನು ಬೇಡಿಕೊಳ್ಳುವುದು ‘ಅವಳು ಸತ್ತವಳಂತಾಗದಿರಲಿ’ ಎಂದೇ. ಬದುಕಿರುವವನು ತನ್ನದೇ ಸೂತಕ ತಾನೇ ಹೊರಬೇಕಿತ್ತು. ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಚರ್ಮವಿಭಾಗ:
ಕಾಯಿಲೆಯ ಬಗ್ಗೆ ನಾನು ಸೇರಿಸುತ್ತೇನೆ. ಯಾಜಕಕಾಂಡದ ಹೀಬ್ರೂ ಮೂಲದಲ್ಲಿರುವ ‘ತ್ಸಾರಾತ್’ ಇಂದಿನ ಕುಷ್ಠವಲ್ಲ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದ ಕುಷ್ಠದ ರೋಗಾಣು ಬಹಳ ನಿಧಾನ: ಒಮ್ಮೆ ಇಬ್ಭಾಗವಾಗಲು ಎರಡು ವಾರದ ಹತ್ತಿರ ಬೇಕು, ಲಕ್ಷಣ ಕಾಣಲು ವರ್ಷಗಳೇ ಬೇಕು. 7 ದಿನದಲ್ಲಿ ಹರಡಿತೇ ಇಲ್ಲವೇ ಎಂದು ನೋಡಿದರೆ ಏನೂ ಗೊತ್ತಾಗದು. ನಾವು ಮೊದಲು ಹುಡುಕುವುದು ಕಲೆಯಲ್ಲಿ ಸ್ಪರ್ಶ ಸತ್ತಿದೆಯೇ ಎಂದು. ಯಾಜಕಕಾಂಡದಲ್ಲಿ ಆ ಸುಳಿವೇ ಇಲ್ಲ. ಅಲ್ಲದೆ ತಲೆಯಿಂದ ಕಾಲಿನವರೆಗೆ ಪೂರ್ತಿ ಬೆಳ್ಳಗಾದವನನ್ನು ಅದು ಶುದ್ಧ ಎನ್ನುತ್ತದೆ. ಸೋರಿಯಾಸಿಸ್, ತೊನ್ನು, ಹುಳುಕಡ್ಡಿ ಎಲ್ಲವೂ ಆ ಒಂದೇ ಹೆಸರಿನಡಿ ಬಂದಿರಬಹುದು. ಬಟ್ಟೆ, ಗೋಡೆಯ ಮೇಲಿನದ್ದು ಬೂಷ್ಟಿರಬಹುದು.

ಬೈಬಲ್‌ನ ಗ್ರೀಕ್ ಅನುವಾದಕರು ‘ತ್ಸಾರಾತ್’ಗೆ, ಹೊಟ್ಟೇಳುವ ಚರ್ಮರೋಗಕ್ಕಿದ್ದ ‘ಲೆಪ್ರಾ’ ಪದ ಬಳಸಿದರು. ಗ್ರೀಕ್ ವೈದ್ಯರು ನಿಜವಾದ ಕುಷ್ಠವನ್ನು ಕರೆಯುತ್ತಿದ್ದದ್ದು ‘ಎಲಿಫಾಂಟಿಯಾಸಿಸ್’ ಎಂದು. ಮುಂದೆ ಎರಡೂ ಬೆರೆತವು. ಕನ್ನಡದ ‘ಕುಷ್ಠ’ ಒಂದು ರೀತಿಯಲ್ಲಿ ಸರಿಯಾದ ಪದವೇ, ಆಯುರ್ವೇದದಲ್ಲಿ 18 ಬಗೆಯ ಚರ್ಮರೋಗಗಳಿಗೆ ಆ ಹೆಸರಿದೆ. ಆದರೆ ಈಗ ಕೇಳುವವರ ಕಿವಿಗೆ ಒಂದೇ ರೋಗ ಬೀಳುತ್ತದೆ. ಪಾಠದಲ್ಲಿ ದಯವಿಟ್ಟು ‘ಚರ್ಮರೋಗ’ ಎನ್ನಿ. ಮಾತ್ರೆಯಿಂದ ಪೂರ್ತಿ ವಾಸಿಯಾಗುವ ಕಾಯಿಲೆಗೆ ಹಳೆಯ ಶಾಪವನ್ನು ಅಂಟಿಸುವುದು ಬೇಡ.

ಹಾಗಂತ ನಿಜವಾದ ಕುಷ್ಠ ಅಲ್ಲಿ ಇರಲೇ ಇಲ್ಲ ಎನ್ನಲೂ ಆಗದು. ಜೆರುಸಲೇಮಿನ ಹಿನ್ನೋಮ್ ಕಣಿವೆಯಲ್ಲಿ ಸಿಕ್ಕ 1ನೇ ಶತಮಾನದ ಹೆಣವೊಂದರಲ್ಲಿ ಆ ರೋಗಾಣುವಿನ ಡಿಎನ್‌ಎ ಇದ್ದದ್ದು 2009ರಲ್ಲಿ ಪ್ರಕಟವಾಯಿತು.

ಊರಬಾಗಿಲು:
ಊಟದ ಪ್ರಶ್ನೆಗೆ ಬೈಬಲ್‌ನ ಎರಡನೆಯ ಅರಸುಗಳು 7 ನೋಡಿ. ಸಮಾರ್ಯ ಪಟ್ಟಣಕ್ಕೆ ಮುತ್ತಿಗೆ ಬಿದ್ದಿದೆ, ನಾಲ್ವರು ರೋಗಿಗಳು ಊರಬಾಗಿಲ ಹೊರಗೆ ಕೂತಿದ್ದಾರೆ. ಒಳಗೆ ಹೋದರೆ ಬರದಿಂದ ಸಾಯುತ್ತೇವೆ, ಇಲ್ಲೇ ಕೂತರೂ ಸಾಯುತ್ತೇವೆ ಎನ್ನುತ್ತಾರೆ. ಊರೊಳಗೆ ಕಾಳು ಮುಗಿದಾಗ ಇವರ ಹೊಟ್ಟೆಯೂ ಖಾಲಿ, ಅಂದರೆ ತುತ್ತು ಬರುತ್ತಿದ್ದದ್ದು ಆ ಬಾಗಿಲಿಂದಲೇ. ಶತ್ರುಗಳು ಓಡಿಹೋದ ಸುದ್ದಿ ತಂದವರೂ ಇವರೇ. ಅದನ್ನು ಹೊರಗಿಂದ ಕಾವಲುಗಾರರಿಗೆ ಕೂಗಿ ಹೇಳುತ್ತಾರೆ.

‘ಒಂಟಿಯಾಗಿ’ ಎಂದು ಬರೆದಿದ್ದರೂ ಗುಂಪಾಗಿಯೇ ಬದುಕುತ್ತಿದ್ದರು: ಇಲ್ಲಿ ನಾಲ್ವರು, ಲೂಕ 17ರಲ್ಲಿ ಹತ್ತು ಮಂದಿ. ಆ ಹತ್ತರಲ್ಲಿ ಒಬ್ಬ ಸಮಾರ್ಯದವನು. ಊರೊಳಗೆ ಯೆಹೂದ್ಯರಿಗೂ ಸಮಾರ್ಯರಿಗೂ ಬಳಕೆಯಿರಲಿಲ್ಲ, ಹೊರಗೆ ಇತ್ತು.

ಎಲ್ಲ ಊರಲ್ಲೂ ಒಂದೇ ನಿಯಮವಲ್ಲ. ಮಿಷ್ನಾ ಪ್ರಕಾರ ಹೊರಹಾಕುತ್ತಿದ್ದದ್ದು ಕೋಟೆಗೋಡೆಯಿರುವ ಪಟ್ಟಣಗಳಿಂದ. ಸಭಾಮಂದಿರಕ್ಕೂ ರೋಗಿ ಬರಬಹುದಿತ್ತು: 10 ಅಂಗೈಯಗಲ ಎತ್ತರ, 4 ಮೊಳ ಅಗಲದ ಅಡ್ಡಗೋಡೆಯ ಹಿಂದೆ, ಎಲ್ಲರಿಗಿಂತ ಮೊದಲು ಬಂದು ಎಲ್ಲರಾದ ಮೇಲೆ ಹೋಗಬೇಕು. ಅರಸನಿಗೂ ವಿನಾಯಿತಿಯಿಲ್ಲ. ಉಜ್ಜೀಯ ಸಾಯುವ ತನಕ ಪ್ರತ್ಯೇಕ ಮನೆಯಲ್ಲಿದ್ದ, ಮಗ ಯೋತಾಮ ಆಡಳಿತ ನೋಡಿಕೊಂಡ. ಅತ್ತ ಅರಾಮ್ಯರ ನಾಮಾನ ರೋಗವಿದ್ದೂ ಸೇನಾಪತಿ. ಈ ಕಟ್ಟಳೆ ಅವನ ನಾಡಿನದ್ದಲ್ಲ.

ಪಾಠದಚೀಲ:
ಎಲ್ಲರಿಗೂ ವಂದನೆ. ವಾಸಿಯಾದವರು ಮತ್ತೆ ಮನೆ ಸೇರಬೇಕಾದರೆ ಏನೇನು ಮಾಡಬೇಕಿತ್ತು? ಬಡವರಿಗೆ ಸಾಧ್ಯವಿತ್ತಾ?

ಹಳೆಲಿಪಿ:
ಯಾಜಕನೇ ಊರ ಹೊರಗೆ ಬಂದು ನೋಡಬೇಕು. ಎರಡು ಹಕ್ಕಿ, ದೇವದಾರು ಕಟ್ಟಿಗೆ, ಕೆಂಪು ದಾರ, ಹಿಸ್ಸೋಪ್ ಗಿಡ ಬೇಕು. ಮಣ್ಣಿನ ಪಾತ್ರೆಯ ಒರತೆ ನೀರಿನ ಮೇಲೆ ಒಂದು ಹಕ್ಕಿಯನ್ನು ಕೊಂದು, ಆ ರಕ್ತವನ್ನು ಇವನ ಮೇಲೆ 7 ಸಲ ಚಿಮುಕಿಸಿ, ಜೀವಂತ ಹಕ್ಕಿಯನ್ನು ಬಯಲಿಗೆ ಬಿಟ್ಟುಬಿಡುತ್ತಾರೆ. ಮೈಯ ಕೂದಲೆಲ್ಲ ಬೋಳಿಸಿ ಸ್ನಾನ ಮಾಡಿದರೆ ಒಳಗೆ ಪ್ರವೇಶ, ಆದರೆ 7 ದಿನ ತನ್ನ ಮನೆಗೆ ಹೋಗುವಂತಿಲ್ಲ. 7ನೇ ದಿನ ಮತ್ತೆ ಬೋಳಿಸಬೇಕು, ಹುಬ್ಬು ಸಹ.

8ನೇ ದಿನದ ಬಲಿಯದ್ದೇ ದೊಡ್ಡ ಖರ್ಚು: ಎರಡು ಟಗರುಮರಿ, ವರ್ಷದ ಒಂದು ಹೆಣ್ಣುಕುರಿ, ಸುಮಾರು 6 ಲೀಟರ್ ನಯವಾದ ಹಿಟ್ಟು, ಸುಮಾರು ಕಾಲು ಲೀಟರ್ ಎಣ್ಣೆ. ಬಡವನಿಗೆ ಒಂದು ಟಗರುಮರಿ, ಹಿಟ್ಟು ಮೂರನೇ ಒಂದು ಪಾಲು, ಎರಡು ಬೆಳವಕ್ಕಿ ಅಥವಾ ಪಾರಿವಾಳದ ಮರಿ ಸಾಕು, ಎಣ್ಣೆಯ ಅಳತೆ ಮಾತ್ರ ಅದೇ. ವರ್ಷಗಟ್ಟಲೆ ಊರಬಾಗಿಲಲ್ಲಿ ಕೂತವನಿಗೆ ಆ ಒಂದು ಮರಿಯೂ ಭಾರವೇ. ಉತ್ತರದ ಗಲಿಲಾಯದವನಾದರೆ, ದೇವಾಲಯವಿದ್ದ ಜೆರುಸಲೇಮಿಗೆ ಕಾಲ್ನಡಿಗೆಯ ಹಲವು ದಿನ ಬೇರೆ.

ದೇವಾಲಯದ ಮಹಿಳೆಯರ ಅಂಗಳದ ಮೂಲೆಯಲ್ಲಿ ಇವರಿಗೆಂದೇ ಒಂದು ಕೋಣೆಯಿತ್ತು. ಅಲ್ಲಿ ಮುಳುಗಿ ಎದ್ದು, ಒಳ ಅಂಗಳಕ್ಕೆ ಹೋಗುವ ನಿಕಾನೋರ್ ಬಾಗಿಲ ಹೊರಗೆ ನಿಲ್ಲಬೇಕು. ಮೈ ಇನ್ನೂ ಒಳಗೆ ಹೋಗುವಂತಿಲ್ಲ. ತಲೆಯಷ್ಟನ್ನು ಒಳಗೆ ಚಾಚಿದಾಗ ಯಾಜಕ ಬಲಗಿವಿಯ ತುದಿಗೆ ಬಲಿಯ ಟಗರುಮರಿಯ ರಕ್ತ ಹಚ್ಚುತ್ತಾನೆ. ಕೈ ಚಾಚಿದಾಗ ಬಲಗೈ ಹೆಬ್ಬೆರಳಿಗೆ. ಕಾಲು ಚಾಚಿದಾಗ ಬಲಗಾಲ ಹೆಬ್ಬೆರಳಿಗೆ. ಆಮೇಲೆ ಎಣ್ಣೆಯೂ ಅಲ್ಲೇ. ಆ ಬೆರಳೇ ಇಲ್ಲದವನ ಗತಿಯೇನು ಎಂದು ಮಿಷ್ನಾದಲ್ಲಿ ಚರ್ಚೆ ನಡೆದಿದೆ. ಅವನಿಗೆ ಎಂದೂ ಶುದ್ಧಿಯಿಲ್ಲ ಎಂದಿತು ಒಂದು ಪಕ್ಷ. ಬೆರಳಿದ್ದ ಜಾಗಕ್ಕೇ ಹಚ್ಚಿದರಾಯಿತು ಎಂದವರು ರಬ್ಬಿ ಎಲಿಯೆಜೆರ್. ಎಡಗಡೆಯದಕ್ಕೆ ಹಚ್ಚಿದರೂ ಸಾಕು ಎಂದವರು ರಬ್ಬಿ ಶಿಮೋನ್.