ಎರೆಹೊಲದ ನಟ್ಟನಡುವೆ ಒಂಟಿ ಮರವನ್ನು ಏಕೆ ಉಳಿಸಿಕೊಳ್ಳುತ್ತಾರೆ?

ಪ್ರಶ್ನೆ (ದಾರಿಹೋಕ):
ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಮೇಲೆ ಹಾಯ್ದು ಗದಗಕ್ಕೆ ಹೋಗುವಾಗ ರಸ್ತೆಯ ಎರಡೂ ಬದಿಗೆ ಕಣ್ಣು ಹಾಯುವವರೆಗೆ ಎರೆಭೂಮಿ ಹರಡಿಕೊಂಡಿರುತ್ತದೆ. ಅಲ್ಲಲ್ಲಿ ಹೊಲದ ನಡುವೆ ಒಂದೇ ಒಂದು ಬೇವೋ ಜಾಲಿಯೋ ಬನ್ನಿಯೋ ನಿಂತಿರುತ್ತದೆ. ಬದುವಿನ ಮೇಲಿನ ಮರವಾದರೆ ಗಡಿಯ ಗುರುತಿಗೆ ಬಿಟ್ಟಿದ್ದಾರೆಂದು ತಿಳಿಯಬಹುದು. ಬಿತ್ತನೆಗೆ ಅಡ್ಡವಾಗಿ, ಬೆಳೆಗೆ ನೆರಳಾಗಿ ನಿಂತ ಮರವನ್ನು, ಗೇಣು ನೆಲವನ್ನೂ ಲೆಕ್ಕಕ್ಕೆ ಹಿಡಿಯುವ ರೈತರು ಕಡಿಯದೆ ಬಿಡುವುದು ಏಕೆ? ದೈವಭಕ್ತಿಯೇ ಕಾರಣವೆಂದು ಕೆಲವರೂ, ಅರಣ್ಯ ಇಲಾಖೆಯ ಭಯವೆಂದು ಕೆಲವರೂ ಹೇಳುತ್ತಾರೆ. ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ (ಎಡೆಕುಂಟೆ):
ನಾನು ನವಲಗುಂದ ಸೀಮೆಯ ಒಕ್ಕಲುತನದ ಮನೆಯವನು. ನನ್ನ ತಿಳಿವಳಿಕೆಯಂತೆ ಆ ಮರಗಳನ್ನು ಉಳಿಸಿದ್ದು ಮುಖ್ಯವಾಗಿ ಎತ್ತುಗಳು. ನಮ್ಮ ಕಡೆ ಮನೆಗಳೆಲ್ಲ ಊರೊಳಗೆ ಒತ್ತಾಗಿದ್ದು ಹೊಲಗಳು ದೂರದಲ್ಲಿರುವುದರಿಂದ, ನಸುಕಿನಲ್ಲಿ ಹೂಡಿದ ಎತ್ತುಗಳನ್ನು ಮಧ್ಯಾಹ್ನ ನೊಗದಿಂದ ಬಿಚ್ಚಿ ನೀರು ಕುಡಿಸಿ ಕಟ್ಟಲು ಹೊಲದಲ್ಲೇ ನೆರಳು ಬೇಕಾಗುತ್ತಿತ್ತು. ಬುತ್ತಿ ಬಿಚ್ಚುವುದು ಅಲ್ಲಿ, ನೀರಿನ ಕೊಡ ಇಡುವುದು ಅಲ್ಲಿ. ಕಳೆ ತೆಗೆಯಲು ಬಂದ ಬಾಣಂತಿಯರು ಹಳೆಯ ಸೀರೆಯನ್ನು ಟೊಂಗೆಗೆ ಜೋಳಿಗೆಯಾಗಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದುದೂ ಅಲ್ಲಿಯೇ. ಜಾಲಿಯಾದರೆ ಅದರ ಕಟ್ಟಿಗೆ ನೇಗಿಲಿಗೆ, ಕುಂಟೆಗೆ, ಚಕ್ಕಡಿಯ ಗಾಲಿಗೆ ಬರುತ್ತಿತ್ತು, ಕಾಯಿ ಆಡಿನ ಪಾಲಾಗುತ್ತಿತ್ತು.

ಭಕ್ತಿ ಇಲ್ಲವೆಂದಲ್ಲ. ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬನ್ನಿಯ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ಮೇಲೆ ಚರಗ (ಭೂಮಿತಾಯಿಗೆ ಅರ್ಪಿಸುವ ಎಡೆ) ಚೆಲ್ಲಿ, ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಬರುತ್ತೇವೆ. ಆ ಮರಕ್ಕೆ ಕೊಡಲಿ ಹಾಕಲು ಮನಸ್ಸು ಒಪ್ಪುವುದಿಲ್ಲ. ಆದರೆ ಪೂಜೆಯಿಲ್ಲದ ಬರಿಯ ಜಾಲಿಗಳೂ ಅಷ್ಟೇ ಕಾಲ ಉಳಿದಿದ್ದವು. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮನೆಗಳಲ್ಲಿ ಮೊದಲು ಉರುಳಿದ್ದು ಆ ಜಾಲಿಗಳೇ.

ಉತ್ತರ (ಹಿಂಗಾರಿ):
ಮೇಲಿನವರ ಮಾತಿಗೆ ಬೇಸಾಯದ ಲೆಕ್ಕವನ್ನೂ ಸೇರಿಸಬೇಕು. ಮರದ ಕೆಳಗೆ ಬೆಳೆ ಕುಗ್ಗುವುದು ನಿಜ. ಜಾಲಿಯ ಸುತ್ತ ಜೋಳದ ತೆನೆ ಸಣ್ಣದಾಗುವುದನ್ನು ಯಾರೂ ನೋಡಬಹುದು. ಎಲ್ಲ ಮರಗಳೂ ಹಾಗಲ್ಲ. ಬನ್ನಿಯ ತಾಯಿಬೇರು ಬಹಳ ಆಳಕ್ಕೆ ಇಳಿಯುವುದರಿಂದ ಮೇಲ್ಪದರದ ತೇವಕ್ಕಾಗಿ ಬೆಳೆಯೊಡನೆ ಅದರ ಪೈಪೋಟಿ ಕಡಿಮೆ, ಎಲೆ ಸಣ್ಣದಾದ್ದರಿಂದ ನೆರಳೂ ತೆಳು. ಮೇಲಾಗಿ ಅದು ಬೇರಿನ ಗಂಟುಗಳ ಮೂಲಕ ಸಾರಜನಕವನ್ನು ಮಣ್ಣಿಗೆ ಸೇರಿಸುವ ಜಾತಿ. ರಾಜಸ್ಥಾನದ ಸಜ್ಜೆಯ ಹೊಲಗಳಲ್ಲಿ ಇದೇ ಮರವನ್ನು ಖೇಜ್ರಿ ಎಂಬ ಹೆಸರಿನಲ್ಲಿ ಅಲ್ಲಲ್ಲಿ ಉಳಿಸಿಕೊಂಡಿರುವುದು ಇದೇ ಕಾರಣಕ್ಕೆ. ಬದುವಿನ ನೀಲಗಿರಿಯಿಂದ ಈ ಉಪಕಾರವನ್ನು ಯಾರೂ ನಿರೀಕ್ಷಿಸಬೇಕಾಗಿಲ್ಲ.

ಇನ್ನೊಂದು ಲಾಭ ಹಕ್ಕಿಗಳದು. ಕಡಲೆ, ತೊಗರಿಗೆ ಕಾಯಿಕೊರಕ ಬಿದ್ದಾಗ ಹೊಲದಲ್ಲಿ ಕವಲುಕೋಲುಗಳನ್ನು ನೆಡಿರೆಂದು ಕೃಷಿ ಇಲಾಖೆಯವರು ಹೇಳುವುದು ಕಾಜಾಣದಂಥ ಹಕ್ಕಿಗಳು ಕುಳಿತು ಹುಳು ಹೆಕ್ಕಲೆಂದು. ಮರವಿರುವ ಹೊಲಕ್ಕೆ ಆ ಆಸನ ಮೊದಲೇ ಸಿದ್ಧ.

ಉತ್ತರ (ಪಹಣಿ):
ಕಾನೂನಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಹೊಲದ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಕಾನೂನಿನ ಭಯ ಮರವನ್ನು ಉಳಿಸುತ್ತದೆಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ತನ್ನ ಹೊಲದಲ್ಲಿ ಬೆಳೆದರೂ ಶ್ರೀಗಂಧ ಸರ್ಕಾರದ ಸ್ವತ್ತೇ ಆಗಿದ್ದ ಕಾಲದಲ್ಲಿ ಅದನ್ನು ಬೆಳೆಸುವ ಉತ್ಸಾಹ ರೈತರಿಗೆ ಇರಲಿಲ್ಲ. 2001ರ ತಿದ್ದುಪಡಿ ಒಡೆತನವನ್ನು ಜಮೀನಿನವರಿಗೆ ಕೊಟ್ಟ ಮೇಲೆಯೇ ಜನ ಅದನ್ನು ನೆಡತೊಡಗಿದರು. ಭಯಕ್ಕಿಂತ ಹಿಸ್ಸೆ ದೊಡ್ಡ ಶತ್ರು: ಅಣ್ಣತಮ್ಮಂದಿರು ಹೊಲ ಹಂಚಿಕೊಂಡಾಗ, ನಡುವಿದ್ದ ಮರ ಒಬ್ಬನ ಪಾಲಿಗೆ ಬಂದು ಅದರ ನೆರಳು ಇನ್ನೊಬ್ಬನ ಬೆಳೆಯ ಮೇಲೆ ಬಿದ್ದರೆ, ಒಂದೆರಡು ಸುಗ್ಗಿಯೊಳಗೆ ಆ ಮರ ಮಾರಾಟವಾಗುತ್ತದೆ.

ಪ್ರಶ್ನೆ (ದಾರಿಹೋಕ):
ಎಲ್ಲರಿಗೂ ಧನ್ಯವಾದಗಳು. ಹೋದ ಮರಗಳ ಜಾಗದಲ್ಲಿ ಯಾರಾದರೂ ಹೊಸದನ್ನು ನೆಡುತ್ತಾರೆಯೇ?

ಉತ್ತರ (ಹಿಂಗಾರಿ):
ಹೊಲದ ನಡುವೆ ನೆಡುವವರನ್ನು ನಾನು ಕಂಡಿಲ್ಲ. ಹಳೆಯ ಮರಗಳಲ್ಲಿ ಹೆಚ್ಚಿನವು ನೆಟ್ಟವಲ್ಲ, ಬಿಟ್ಟವು. ಬೇವಿನ ಹಣ್ಣು ತಿಂದ ಹಕ್ಕಿ ಉದುರಿಸಿದ ಬೀಜವೋ, ಆಡಿನ ಹಿಕ್ಕೆಯಲ್ಲಿ ಬಂದ ಜಾಲಿಯ ಬೀಜವೋ ಮೊಳೆತಾಗ, ಕುಂಟೆ ಹೊಡೆಯುವವರು ಒಂದು ಸಸಿಯನ್ನು ಕಂಡು ಎತ್ತುಗಳನ್ನು ಮಗ್ಗುಲಿಗೆ ತಿರುಗಿಸಿಕೊಂಡು ಹೋದದ್ದರಿಂದ ಅವು ಮರಗಳಾದವು. ಟ್ರ್ಯಾಕ್ಟರಿಗೆ ಹೂಡಿ ಮಣ್ಣು ಪುಡಿಮಾಡುವ ರೋಟಾವೇಟರ್ ನಡೆಸುವವರಿಗೆ ಗೇಣುದ್ದದ ಸಸಿ ಕಾಣುವುದಿಲ್ಲ, ಕಂಡರೂ ಬಾಡಿಗೆ ಗಂಟೆಯ ಲೆಕ್ಕದಲ್ಲಿರುತ್ತದೆ. ಉಳಿದುದನ್ನು ಕಳೆನಾಶಕ ಮುಗಿಸುತ್ತದೆ. ಉಪಗ್ರಹ ಚಿತ್ರಗಳನ್ನು ಆಧರಿಸಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನವು, 2018ರಿಂದ 2022ರವರೆಗೆ ಭಾರತದ ಹೊಲಗಳಿಂದ 50 ಲಕ್ಷಕ್ಕೂ ಹೆಚ್ಚು ದೊಡ್ಡ ಮರಗಳು ಕಣ್ಮರೆಯಾಗಿವೆ ಎಂದು ಹೇಳುತ್ತದೆ.

ಉಳಿಸುವ ಮನಸ್ಸಿರುವವರು ಒಂದು ಕೆಲಸ ಮಾಡಬಹುದು: ಬೇಸಿಗೆಯಲ್ಲಿ ತಾನಾಗಿ ಚಿಗುರಿದ ಬನ್ನಿಯ ಸಸಿಯೊಂದನ್ನು ಗುರುತಿಸಿ, ಸುತ್ತ ಮುಳ್ಳು ಕಟ್ಟಿ, ಟ್ರ್ಯಾಕ್ಟರಿನವರಿಗೆ ಕಾಣುವಂತೆ ಎತ್ತರದ ಗೂಟಕ್ಕೆ ಬಟ್ಟೆ ಸುತ್ತಿ ನಿಲ್ಲಿಸಬೇಕು. ಮರ ದೊಡ್ಡದಾದ ಮೇಲೆ ಹಿಂಗಾರಿ ಬಿತ್ತನೆಗೆ ಮೊದಲು ಕೆಳಗಿನ ಟೊಂಗೆಗಳನ್ನು ಸವರಿದರೆ ನೆರಳಿನ ತಕರಾರೂ ಬಹಳಷ್ಟು ತಗ್ಗುತ್ತದೆ, ಸವರಿದ ಸೊಪ್ಪು ಆಡುಗಳ ಮೇವಿಗೆ ಆಗುತ್ತದೆ.